ನವೆಂಬರ್‌ನಲ್ಲಿ ಡೀರ್ ಹಂಟಿಂಗ್‌ಗೆ ಕರೆದ್ರೆ: ಮಲೆನಾಡಿಂದ ಬಂದ ಹೊಸಬರಿಗೆ

ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯಿಂದ ಅಮೇರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಬಂದ ಹುಡುಗ್ರಿಗೆ ಮೊದಲನೇ ನವೆಂಬರ್‌ನಲ್ಲೇ ಆಫೀಸಿನ ಯಾರಾದ್ರೂ ಕರೆದೇ ಕರೀತಾರೆ, ಬಾ ಈ ಸಲ ಡೀರ್ ಕ್ಯಾಂಪಿಗೆ ಅಂತ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಒಂಬತ್ತು ದಿನ ಗನ್ ಸೀಸನ್, ಅರ್ಧ ಊರೇ ಖಾಲಿ. ನಮ್ಮೋರಿಗೆ ಒಳಗೊಳಗೆ ಖುಷಿ, ಯಾಕಂದ್ರೆ ಅಜ್ಜನ ಕಾಲದ ಶಿಕಾರಿ ಕಥೆ ಕೇಳ್ಕೊಂಡೇ ಬೆಳೆದೋರು, ಮನೆ ಗೋಡೇಲಿ ಕೋವಿ ನೇತಾಕಿದ್ದು, ಎಲೆಕ್ಷನ್ ಬಂತು ಅಂದ್ರೆ ಅದನ್ನ ಸ್ಟೇಷನ್‌ಗೆ ಹೊತ್ಕೊಂಡು ಹೋಗಿ ಡೆಪಾಸಿಟ್ ಮಾಡೋದು ಎಲ್ಲ ನೋಡಿದೋರು. ಅದಕ್ಕೇ ನನಗೆಲ್ಲ ಗೊತ್ತು ಅನ್ನೋ ಧೈರ್ಯ ಬರುತ್ತೆ. ಈಗ ರಜೆಗೆ ಊರಿಗೆ ಬಂದಿದೀನಿ, ಮಳೆ ಬಿಡ್ತಾ ಇಲ್ಲ, ಈ ವರ್ಷ ಹೊರಡೋ ನಾಲ್ಕೈದು ಹುಡುಗ್ರು ಕೇಳಿದ್ದನ್ನೇ ಕೇಳ್ತಿದಾರೆ, ಎಲ್ಲ ಒಂದ್ಸಲ ಬರೆದು ಬಿಡೋಣ ಅಂತ ಕೂತೆ.

ಮೊದಲು ವೀಸಾ ವಿಷಯ, ಇದನ್ನ ಯಾರೂ ಹೇಳಲ್ಲ. ಎಚ್-1ಬಿ, ಎಫ್-1 ಥರ ನಾನ್-ಇಮಿಗ್ರಂಟ್ ವೀಸಾದಲ್ಲಿರೋರು ಬಂದೂಕು, ತೋಟೆ ಇಟ್ಕೊಳ್ಳೋದಕ್ಕೆ ಅಲ್ಲಿನ ಫೆಡರಲ್ ಕಾನೂನಲ್ಲಿ ನಿಷೇಧ ಇದೆ. ಅದಕ್ಕಿರೋ ವಿನಾಯಿತಿಗಳಲ್ಲಿ ನಮ್ಮಂಥೋರಿಗೆ ಸಿಗೋದು ಅಮೇರಿಕದ ಯಾವ್ದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್. ಅಂದ್ರೆ ಫ್ರೆಂಡ್ ಗನ್ ತಾನೇ, ಸುಮ್ನೆ ಒಂದು ಕೈ ನೋಡ್ತೀನಿ ಅನ್ನೋಕೂ ಮುಂಚೆ ಲೈಸೆನ್ಸ್ ಜೇಬಲ್ಲಿರ್ಬೇಕು. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಿಂದ ಈಚೆಗೆ ಹುಟ್ಟಿದೋರಿಗೆ ಹಂಟರ್ ಎಜುಕೇಶನ್ ಸರ್ಟಿಫಿಕೇಟ್ ಇಲ್ದೆ ಮಾಮೂಲಿ ಲೈಸೆನ್ಸ್ ಸಿಗಲ್ಲ. ಕೋರ್ಸ್ ಬೇಸಿಗೇಲೇ ಮುಗಿಸಿ, ಅಕ್ಟೋಬರ್‌ನಲ್ಲಿ ಓಡಾಡ್ಬೇಡಿ. ಗ್ರೀನ್ ಕಾರ್ಡ್‌ನೋರಿಗೆ ಈ ವೀಸಾ ತಲೆಬಿಸಿ ಇಲ್ಲ, ಕೋರ್ಸ್ ಮಾತ್ರ ಅವರಿಗೂ ಬೇಕು.

ಎರಡ್ನೇದು, ಊರಿನ ಶಿಕಾರಿ ಬುದ್ಧಿ ಊರಲ್ಲೇ ಬಿಟ್ಟು ಹೋಗಿ. ಸೋವಿಗೆ ನಿಂತು, ಅಂದ್ರೆ ಜನ ಕಾಡಿಂದ ಎಬ್ಬಿಸಿ ಅಟ್ಟಿದಾಗ, ಓಡ್ತಿರೋ ಪ್ರಾಣಿಗೆ ಚರೆ ಹೊಡೆಯೋದು, ರಾತ್ರಿ ಟಾರ್ಚ್ ಬಿಟ್ಟು ಕಣ್ಣು ಹೊಳೆದ ಕಡೆ ಈಡು ಬಿಡೋದು, ಇದೆಲ್ಲ ಕಥೇಲಿ ಚಂದ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆ ಮುಟ್ಟಿದ್ರೆ ಜೈಲು, ಅಲ್ಲೂ ಗನ್ ಹಿಡ್ಕೊಂಡು ಲೈಟ್ ಬಿಟ್ಟು ಜಿಂಕೆ ಹುಡುಕೋದು ಅಪರಾಧ. ಅಲ್ಲಿ ಒಳ್ಳೆ ಬೇಟೆಗಾರ ಅನ್ನಿಸ್ಕೊಳ್ಳೋನು ಎಷ್ಟು ಹೊಡ್ದ ಅಂತ ಅಲ್ಲ, ಎಷ್ಟು ಸಲ ಹೊಡೀದೆ ಕೂತ ಅಂತ ನೋಡ್ತಾರೆ. ಯಾಕೆ ಅನ್ನೋದು ಗುಂಡು ಕೆಲಸ ಮಾಡೋ ರೀತಿ ಗೊತ್ತಾದ್ರೆ ತಾನಾಗೇ ಗೊತ್ತಾಗುತ್ತೆ.

ಗುಂಡು ಪ್ರಾಣೀನ ಗುದ್ದಿ ಬೀಳಿಸಲ್ಲ, ಅದು ಸಿನಿಮಾದಲ್ಲಿ. ನಿಜವಾಗಿ ಸಾಯಿಸೋದು ರಕ್ತ ಹೋಗೋದು, ಶ್ವಾಸಕೋಶ ಕುಸಿಯೋದು, ಅದ್ರಿಂದ ಮೆದುಳಿಗೆ ಆಮ್ಲಜನಕ ನಿಲ್ಲೋದು. ಎರಡೂ ಶ್ವಾಸಕೋಶ ಹರಿದು ಹೋದ ಜಿಂಕೆ ಕೂಡ ಐವತ್ತು ನೂರು ಗಜ ಓಡುತ್ತೆ, ಕೆಲವೇ ಸೆಕೆಂಡಲ್ಲಿ ಬೀಳುತ್ತೆ. ಆ ಹರಿಯೋ ಕೆಲಸಕ್ಕೆ ಗುಂಡು ಒಳಗೆ ಹೋಗಿ ಅಗಲ ಆಗ್ಬೇಕು. ಡೀರ್ ಗುಂಡಲ್ಲಿ ಹೊರಗೆ ತಾಮ್ರದ ತೆಳು ಕವಚ, ಒಳಗೆ ಸೀಸ, ಮೂತಿ ಹತ್ರ ಸೀಸ ಬರಿದಾಗಿ ಕಾಣ್ತಿರುತ್ತೆ, ಇದೇ ಸಾಫ್ಟ್ ಪಾಯಿಂಟ್. ಮಾಂಸಕ್ಕೆ ತಾಗಿದ ಕೂಡ್ಲೆ ಮೂತಿ ಅಣಬೆ ಥರ ಅರಳಿ ಹೆಚ್ಚುಕಮ್ಮಿ ಎರಡರಷ್ಟು ಅಗಲ ಆಗುತ್ತೆ. ಮೂತಿಯೂ ಕವಚದಲ್ಲಿ ಮುಚ್ಚಿರೋ ಫುಲ್ ಮೆಟಲ್ ಜಾಕೆಟ್ ಗುಂಡು ಅರಳಲ್ಲ, ಸಣ್ಣ ತೂತು ಮಾಡ್ಕೊಂಡು ಆಚೆ ಹೋಗುತ್ತೆ, ಜಿಂಕೆ ಮೈಲಿಗಟ್ಟಲೆ ಹೋಗಿ ನರಳಿ ಸಾಯುತ್ತೆ. ಅದಕ್ಕೇ ಎಷ್ಟೋ ರಾಜ್ಯಗಳಲ್ಲಿ ಡೀರ್‌ಗೆ ಅದು ನಿಷೇಧ. ಗುರಿ ಅಭ್ಯಾಸ ಮಾಡೋ ರೇಂಜಲ್ಲಿ ಅಗ್ಗಕ್ಕೆ ಸಿಕ್ತು ಅಂತ ಆ ಡಬ್ಬಿ ಕಾಡಿಗೆ ತಗೊಂಡು ಹೋಗ್ಬೇಡಿ.

ಅರಳೋದು ಜಾಸ್ತಿ ಆದ್ರೂ ಕಷ್ಟ. ಹತ್ರದಿಂದ, ಸ್ಪೀಡಾಗಿ ಹೋದ ಮೆತ್ತನೆ ಗುಂಡು ಭುಜದ ಮೂಳೆಗೆ ತಾಗಿದ್ರೆ ಮೇಲ್ಗಡೇಲೇ ಪುಡಿಪುಡಿ ಆಗಿ ಒಳಗೆ ಹೋಗದೇ ಇರ್ಬಹುದು. 1946ರಲ್ಲಿ ಜಾನ್ ನಾಸ್ಲರ್ ಅನ್ನೋರು ಕೆನಡಾದಲ್ಲಿ ಮೂಸ್ ಅನ್ನೋ ಭಾರೀ ಜಿಂಕೆ ಬೇಟೆಗೆ ಹೋದಾಗ ಇದೇ ಆಗಿದ್ದು, ಕೆಸರು ಮೆತ್ತಿ ಒಣಗಿದ್ದ ಚರ್ಮಕ್ಕೆ ಗುಂಡುಗಳು ಒಡೆದು ಹೋದ್ವು, ಆ ಸಿಟ್ಟಿಗೆ ಅವರು ಮಧ್ಯದಲ್ಲಿ ತಾಮ್ರದ ಗೋಡೆ ಇರೋ ಪಾರ್ಟಿಶನ್ ಗುಂಡು ಮಾಡಿದ್ರು, ಮುಂದಿನ ಅರ್ಧ ಅರಳುತ್ತೆ, ಹಿಂದಿನ ಅರ್ಧ ಗಟ್ಟಿಯಾಗಿ ಒಳಗೆ ಹೋಗುತ್ತೆ. ಈಗ ಬಾಂಡೆಡ್ ಅಂತ ಬರುತ್ತೆ, ಸೀಸಾನ ಕವಚಕ್ಕೆ ಅಂಟಿಸಿರ್ತಾರೆ. ಪೂರ್ತಿ ತಾಮ್ರದ್ದೂ ಇದೆ, ಅದು ತೂಕ ಕಳ್ಕೊಳ್ಳಲ್ಲ, ಆದ್ರೆ ಅರಳೋಕೆ ಸ್ಪೀಡ್ ಬೇಕು, ಹಾಗಾಗಿ ಸ್ವಲ್ಪ ಹಗುರದ್ದನ್ನೇ ತಗೊಳ್ಳೋದು ವಾಸಿ.

ಅಲ್ಲಿ ಸಿಗೋ ಬಿಳಿಬಾಲದ ಜಿಂಕೆಗೆ ಇಷ್ಟೆಲ್ಲ ತಲೆ ಕೆಡಿಸ್ಕೊಳ್ಬೇಕಾ ಅಂದ್ರೆ, ಬೇಡ ಮಾರಾಯ್ರೆ. ಅದು ನಮ್ಮ ಕಡವೆಯಷ್ಟು ದೊಡ್ಡದಲ್ಲ. ನಿಮ್ಮದು .308 ಅನ್ನೋ ಅಳತೆ ತೋಟೆಯ ರೈಫಲ್ ಆದ್ರೆ 150 ಗ್ರೇನ್ ತೂಕದ ಸಾಫ್ಟ್ ಪಾಯಿಂಟ್, ಅಂದ್ರೆ 10 ಗ್ರಾಂ ಒಳಗೇ, ಸೆಕೆಂಡಿಗೆ ಸುಮಾರು 2800 ಅಡಿ ಸ್ಪೀಡಲ್ಲಿ ಹೊರಡುತ್ತೆ, ಅದು ಧಾರಾಳ ಆಯ್ತು. 1939ರಿಂದ ಬರ್ತಿರೋ ರೆಮಿಂಗ್ಟನ್ ಕೋರ್-ಲಾಕ್ಟ್ ಥರದ ಹಳೇ ಗುಂಡು ಇವತ್ತಿಗೂ ಕೆಲಸ ಮಾಡುತ್ತೆ. ಮದ್ದು ಜಾಸ್ತಿ ಇರೋ ದೊಡ್ಡ ಮ್ಯಾಗ್ನಮ್ ತಗೋ ಅಂತ ಅಂಗಡೀಲಿ ಹೇಳಿದ್ರೆ ನಕ್ಕು ಸುಮ್ನಾಗಿ. ಅದರ ಒದೆತಕ್ಕೆ ಹೆದರಿ ಟ್ರಿಗರ್ ಎಳೆಯೋವಾಗ ಕಣ್ಣು ಮುಚ್ತೀರ, ಗುಂಡು ಹೊಟ್ಟೆಗೆ ಹೋಗುತ್ತೆ. ಹೊಟ್ಟೆಗೆ ಬಿದ್ದ ಮ್ಯಾಗ್ನಮ್‌ಗಿಂತ ಶ್ವಾಸಕೋಶಕ್ಕೆ ಬಿದ್ದ ಸಣ್ಣ .243 ಗುಂಡು ಸಾವಿರ ಪಾಲು ಮೇಲು. ಡಬ್ಬಿ ಯಾವ್ದೇ ಆಗ್ಲಿ, ನಿಮ್ಮ ರೈಫಲ್‌ಗೆ ಯಾವ್ದು ಒಂದೇ ಜಾಗಕ್ಕೆ ಬೀಳುತ್ತೋ ಅದನ್ನ ತಗೊಂಡು, ಅದೇ ಗುಂಡಲ್ಲೇ ಝೀರೋ ಮಾಡಿ, ಅಂದ್ರೆ ಗುರಿ ಇಟ್ಟಲ್ಲೇ ಗುಂಡು ಬೀಳೋ ಹಾಗೆ ಸ್ಕೋಪ್ ಹೊಂದಿಸಿ, ಅದ್ರಲ್ಲೇ ಬೇಟೆಗೆ ಹೋಗಿ.

ಜಿಂಕೆ ಮೈಯಲ್ಲಿ ಗುಂಡು ಬೀಳ್ಬೇಕಾದ ಜಾಗ ಯಾವ್ದು ಅಂತ ಕಲಿಯೋಕೆ ವಿಡಿಯೋ ನೋಡೋಕೂ ಮುಂಚೆ ನಿಮ್ಮ ಕೊಟ್ಟಿಗೆಗೆ ಹೋಗಿ. ತಮಾಷೆ ಅಲ್ಲ, ನಾನು ನಿನ್ನೆ ಒಬ್ಬನಿಗೆ ನಮ್ಮ ಮಲೆನಾಡು ಗಿಡ್ಡದ ಹೋರಿಕರ ಅಡ್ಡ ನಿಲ್ಲಿಸಿ ಇದನ್ನೇ ತೋರಿಸಿದ್ದು. ಮುಂಗಾಲಿನ ಮೇಲ್ಗಡೆ ಎದೆ ಸೇರೋ ಜಾಗದಲ್ಲಿ ಮೊಣಕೈ ಗಂಟು ಸಿಗುತ್ತೆ, ಎಡಗಡೆಯಿಂದ ಅದರ ಹಿಂದೆ ಅಂಗೈ ಇಟ್ಟು ಸುಮ್ನೆ ನಿಂತ್ರೆ ಗುಂಡಿಗೆ ಬಡಿಯೋದು ಕೈಗೆ ತಾಗುತ್ತೆ. ಗುಂಡಿಗೆ ಅಷ್ಟು ಕೆಳಗಿದೆ, ನಾವೆಲ್ಲ ಅಂದ್ಕೊಂಡಿದ್ದಕ್ಕಿಂತ ಕೆಳಗೆ. ಅದರ ಮೇಲೆ, ಸುತ್ತ ಶ್ವಾಸಕೋಶ. ಈಗ ಕೈ ಹಿಂದೆ ಸರಿಸ್ತಾ ಪಕ್ಕೆಲುಬು ಎಣಿಸಿ. ಪಕ್ಕೆಲುಬು ಇದ್ದ ಕಡೆಯೆಲ್ಲ ಶ್ವಾಸಕೋಶ ಇದೆ ಅಂತಲ್ಲ, ಹಿಂದಿನ ಪಕ್ಕೆಲುಬುಗಳ ಒಳಗೆ ಇರೋದು ಲಿವರ್, ಬೋಟಿ. ಹೊಸಬರ ಗುಂಡು ಬೀಳೋದು ಅಲ್ಲೇ, ಯಾಕಂದ್ರೆ ಕಣ್ಣು ತಾನಾಗೇ ಮೈಯ ನಡುಮಧ್ಯಕ್ಕೆ ಹೋಗುತ್ತೆ.

ಜಿಂಕೆ ಪೂರ್ತಿ ಅಡ್ಡ ನಿಂತಿದ್ರೆ ಮುಂಗಾಲಿನ ಹಿಂದಿನ ಅಂಚನ್ನೇ ಹಿಡ್ಕೊಂಡು ಮೇಲೆ ಬನ್ನಿ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಎತ್ತರಕ್ಕೆ ಬಂದಾಗ ನಿಲ್ಲಿಸಿ, ಅಲ್ಲೇ. ಸ್ವಲ್ಪ ಕೆಳಗೆ ಹೋದ್ರೆ ಗುಂಡಿಗೆ, ಸ್ವಲ್ಪ ಮೇಲೆ ಹೋದ್ರೂ ಶ್ವಾಸಕೋಶ. ಒಂದು ಸೂಕ್ಷ್ಮ ಇದೆ: ನಡೀತಾ ನಿಂತ ಜಿಂಕೆ ಈಚೆ ಕಾಲನ್ನ ಹಿಂದಕ್ಕೆ ಎಳ್ಕೊಂಡಿದ್ರೆ ನಿಮ್ಮ ಗೆರೆಯೂ ಹಿಂದಕ್ಕೆ ಬಂದು ಲಿವರ್ ಮೇಲೆ ನಿಲ್ಲುತ್ತೆ, ಆ ಕಾಲು ಮುಂದೆ ಇಡೋವರೆಗೆ ಕಾಯಿರಿ. ಸ್ವಲ್ಪ ಆಚೆ ಮುಖ ಮಾಡಿ ಓರೆಯಾಗಿ ನಿಂತಿದ್ರೆ ಆಚೆಕಡೆ ಮುಂಗಾಲು ಎಲ್ಲಿದೆ ಅಂತ ಅಂದಾಜು ಮಾಡಿ ಗುಂಡು ಅಲ್ಲಿಗೆ ಹೊರಬೀಳೋ ಹಾಗೆ ಹೊಡೀರಿ, ಈಚೆ ಕಡೆ ಅದು ಹಿಂದೆ ಹೋಯ್ತು ಅನ್ಸುತ್ತೆ, ಆದ್ರೂ ಅದೇ ಸರಿ. ಮರದ ಮೇಲಿನ ಸ್ಟ್ಯಾಂಡಿಂದಲೂ ಹೀಗೇ ಹೊರಗೆ ಬರೋ ಜಾಗ ಯೋಚನೆ ಮಾಡ್ಬೇಕು, ಕಾಲ್ಬುಡಕ್ಕೇ ಬಂದ ಜಿಂಕೆಗೆ ನೆಟ್ಟಗೆ ಕೆಳಗೆ ಹೊಡೆದ್ರೆ ಒಂದೇ ಶ್ವಾಸಕೋಶ ಸಿಗುತ್ತೆ. ಸ್ಟ್ಯಾಂಡಲ್ಲಿ ಹಾರ್ನೆಸ್, ಅಂದ್ರೆ ಬೀಳದ ಹಾಗೆ ಮರಕ್ಕೆ ಕಟ್ಟೋ ಬೆಲ್ಟ್, ಹಾಕದೇ ಕೂರ್ಬೇಡಿ, ಅಡಿಕೆ ಮರ ಹತ್ತಿ ಅಭ್ಯಾಸ ಇದೆ ಅನ್ನೋ ಜಂಬ ಅಲ್ಲಿನ ಹಿಮದಲ್ಲಿ ನಡಿಯಲ್ಲ.

ಎದುರು ಮುಖ, ಹಿಂಭಾಗ, ತಲೆ, ಕುತ್ತಿಗೆ, ಓಡ್ತಿರೋದು: ಹೊಸಬರು ಯಾವ್ದಕ್ಕೂ ಹೊಡೀಬಾರ್ದು. ತಲೆಗೆ ಹೊಡೆದ್ರೆ ಮಾಂಸ ಹಾಳಾಗಲ್ಲ ಅಂತ ಯಾರೋ ಹೇಳ್ತಾರೆ, ಎರಡು ಇಂಚು ತಪ್ಪಿದ್ರೆ ದವಡೆ ಹಾರಿಹೋಗಿ ಪ್ರಾಣಿ ಹಸಿವಿನಲ್ಲಿ ದಿನಗಟ್ಟಲೆ ಸಾಯುತ್ತೆ. ಜಿಂಕೆ ಹಿಂದೆ ಮಣ್ಣಿನ ದಿಬ್ಬ ಇಲ್ದೆ ಆಕಾಶ ಕಾಣ್ತಿದ್ರೆ ಅದೂ ಬೇಡ, ಆ ಗುಂಡು ಎಲ್ಲಿ ಹೋಗಿ ಬೀಳುತ್ತೋ.

ಹೊಡೆದ ಮೇಲೆ ಸಂಭ್ರಮಕ್ಕೆ ಇಳಿದು ಓಡ್ಬೇಡಿ. ಇನ್ನೊಂದು ತೋಟೆ ಏರಿಸ್ಕೊಂಡು, ಜಿಂಕೆ ನಿಂತಿದ್ದ ಜಾಗ, ಕೊನೇ ಸಲ ಕಂಡ ಮರ ನೆನಪಿಟ್ಕೊಂಡು ಅರ್ಧ ಗಂಟೆ ಕೂತಿರಿ. ಹಿಂಗಾಲು ಝಾಡಿಸಿ ನುಗ್ಗಿದ್ರೆ ಸಾಮಾನ್ಯವಾಗಿ ಎದೆಗೆ ಬಿದ್ದಿದೆ, ಬೆನ್ನು ಗೂನು ಮಾಡ್ಕೊಂಡು ನಿಧಾನ ಹೋದ್ರೆ ಹೊಟ್ಟೆಗೆ. ಆಮೇಲೆ ರಕ್ತ ನೋಡಿ: ತಿಳಿ ಕೆಂಪು, ನೊರೆ ನೊರೆ ಇದ್ರೆ ಶ್ವಾಸಕೋಶ, ಹತ್ರದಲ್ಲೇ ಬಿದ್ದಿರುತ್ತೆ. ಕಪ್ಪು ಕೆಂಪು ಇದ್ರೆ ಲಿವರ್, ಮೂರ್ನಾಲ್ಕು ಗಂಟೆ ಬಿಡಿ. ಹಸಿರು ಮೇವಿನ ಚೂರು, ಕೆಟ್ಟ ವಾಸನೆ ಇದ್ರೆ ಹೊಟ್ಟೆ, ಎಂಟು ಹತ್ತು ಗಂಟೆ ಹತ್ರ ಹೋಗ್ಬೇಡಿ, ಬೆನ್ನಟ್ಟಿದ್ರೆ ಎದ್ದು ಎದ್ದು ಓಡಿ ಕೈಗೇ ಸಿಗಲ್ಲ. ಸಿಕ್ಕಿದ್ದನ್ನ ಮಾರನೇ ದಿನ ಸಂಜೆ 5ರ ಒಳಗೆ ಆನ್‌ಲೈನ್‌ನಲ್ಲೋ ಫೋನಲ್ಲೋ ರಿಜಿಸ್ಟರ್ ಮಾಡ್ಬೇಕು.

ಮಾಂಸದ ವಿಷಯಕ್ಕೆ ಬಂದ್ರೆ, ಸೀಸದ ಗುಂಡು ಅರಳೋವಾಗ ಕಣ್ಣಿಗೆ ಕಾಣದ ಚೂರುಗಳು ಗಾಯದಿಂದ ಗೇಣುಗಟ್ಟಲೆ ದೂರ ಹೋಗಿ ಕೂತಿರ್ತವೆ. 2008ರಲ್ಲಿ ನಾರ್ತ್ ಡಕೋಟದಲ್ಲಿ ಬಡವರಿಗೆ ದಾನ ಕೊಟ್ಟಿದ್ದ ಜಿಂಕೆ ಮಾಂಸದಲ್ಲಿ ಸೀಸ ಸಿಕ್ಕಿ ಎಲ್ಲ ಬಿಸಾಕಿ ಅಂತ ಹೇಳಿದ್ರು. ಮನೇಲಿ ಸಣ್ಣ ಮಕ್ಕಳು, ಬಸುರಿ ಇದ್ರೆ ತಾಮ್ರದ ಗುಂಡೇ ತಗೊಳ್ಳಿ, ನಾಲ್ಕು ಡಾಲರ್ ಮುಖ ನೋಡ್ಬೇಡಿ. ಇನ್ನೊಂದು ಸಿಡಬ್ಲ್ಯುಡಿ ಅನ್ನೋ ಜಿಂಕೆ ರೋಗ, ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆ ಆಗಿದ್ದು, ಎಷ್ಟು ಬೇಯಿಸಿದ್ರೂ ಹೋಗಲ್ಲ. ಜಿಂಕೆ ತಲೆ ಕೊಟ್ಟು ಟೆಸ್ಟ್ ಮಾಡಿಸಿ, ರಿಸಲ್ಟ್ ಬರೋವರೆಗೆ ಮಾಂಸ ಫ್ರೀಜರ್‌ನಲ್ಲಿರ್ಲಿ, ಪಾಸಿಟಿವ್ ಬಂದ್ರೆ ತಿನ್ಬೇಡಿ. ನೆಗೆಟಿವ್ ಬಂದ್ರೆ ಕಡುಬಿಗೆ ಸಾರು ಮಾಡಿ ನಮ್ಮನ್ನೂ ಕರೀರಿ, ಕೊಬ್ಬು ಕಮ್ಮಿ ಇರೋ ಮಾಂಸ, ಉರಿ ಸಣ್ಣ ಇಡಿ.

ಕೊನೇದು, ಬೇಟೆಗೆ ಹಾಕಿದ ಜಾಕೆಟ್, ಬ್ಯಾಗನ್ನ ಊರಿಗೆ ತರೋದಾದ್ರೆ ಒಂದೊಂದು ಜೇಬೂ ಹೊರಗೆ ಮಗುಚಿ ನೋಡಿ. ಒಂದೇ ಒಂದು ತೋಟೆ ಮರೆತು ಉಳಿದಿದ್ರೂ ಬೆಂಗಳೂರು ಏರ್‌ಪೋರ್ಟಲ್ಲಿ ಆಯುಧ ಕಾಯ್ದೆ ಕೇಸಾಗುತ್ತೆ. ಖಾಲಿ ತೋಟೆಯನ್ನೂ ನೆನಪಿಗೆ ಅಂತ ತರ್ಬೇಡಿ.