ಸೌದೆ ಹೊಗೆಯಲ್ಲಿ ಜೀವಕೋಶ ಹೇಗೆ ಒದ್ದಾಡುತ್ತದೆ: ನನ್ನ ಅನುಭವ

ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ, ಸಿಗರೇಟು ಸೇದುವವರಿಗೆ ಬರುವಂಥದ್ದು ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ಬೆಂಗಳೂರಿನ ಎದೆರೋಗದ ಹೊರರೋಗಿ ವಿಭಾಗದಲ್ಲಿ ಒಂದು ಬೆಳಿಗ್ಗೆ ಕೂತರೆ ಸಾಕು, ಆ ನಂಬಿಕೆ ಹೋಗುತ್ತದೆ. ಚಿಂತಾಮಣಿ, ಮಾಗಡಿ, ಕನಕಪುರ ಕಡೆಯಿಂದ ಬರುವ ಎಷ್ಟೋ ಹೆಂಗಸರು ಬೀಡಿ ಮುಟ್ಟಿದವರೇ ಅಲ್ಲ. "ಒಲೆ ಊದೀ ಊದೀ ದಮ್ಮು ಹಿಡ್ಕೊಂತು ಕಣಮ್ಮಾ" ಅನ್ನುತ್ತಾರೆ. ಸೌದೆ ಹೊಗೆ ಶ್ವಾಸನಾಳದ ಜೀವಕೋಶದೊಳಗೆ ಏನು ಮಾಡುತ್ತದೆ ಎಂಬುದೇ ನನ್ನ ಸಂಶೋಧನೆ.

ಜೀವಕೋಶ ಹೊರಕ್ಕೆ ಕಳಿಸುವ ಪ್ರೋಟೀನುಗಳು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಅಂದರೆ ಇಆರ್ ಎಂಬ ಜಾಗದಲ್ಲಿ ಸರಿಯಾದ ಆಕಾರಕ್ಕೆ ಮಡಚಿಕೊಳ್ಳಬೇಕು. ಹೊಗೆಯ ರಾಸಾಯನಿಕಗಳು ಈ ಕೆಲಸ ಕೆಡಿಸುತ್ತವೆ. ಸರಿಯಾಗಿ ಮಡಚದ ಪ್ರೋಟೀನು ಅಲ್ಲೇ ತುಂಬಿಕೊಳ್ಳುತ್ತದೆ. ಇದಕ್ಕೇ ಇಆರ್ ಸ್ಟ್ರೆಸ್ ಅನ್ನುವುದು. ಐಆರ್‌ಇ1, ಪರ್ಕ್, ಎಟಿಎಫ್6 ಎಂಬ ಮೂರು ಪ್ರೋಟೀನುಗಳು ಅದನ್ನು ಗುರುತಿಸಿ ಕೋಶದ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತವೆ. ಈ ದಾರಿಯನ್ನು ಬಿಡಿಸಿದ ಪೀಟರ್ ವಾಲ್ಟರ್ ಮತ್ತು ಕಜುತೋಶಿ ಮೋರಿ ಅವರಿಗೆ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಮೊದಮೊದಲು ಇದೆಲ್ಲ ಕೋಶವನ್ನು ಉಳಿಸುವ ಏರ್ಪಾಡು. ಹೊಸ ಪ್ರೋಟೀನು ತಯಾರಿಕೆ ಕಡಿಮೆಯಾಗುತ್ತದೆ, ಮಡಚಲು ನೆರವಾಗುವವು ಹೆಚ್ಚುತ್ತವೆ. ಒತ್ತಡ ನಿಲ್ಲದೇ ಹೋದರೆ ಅದೇ ಏರ್ಪಾಡು ಕೋಶವನ್ನು ಸಾವಿನ ಕಡೆಗೆ ತಳ್ಳುತ್ತದೆ.

ಲ್ಯಾಬಿನಲ್ಲಿ ಇಆರ್ ಸ್ಟ್ರೆಸ್ ತರಿಸುವುದು ಬಹಳ ಸುಲಭ. ಇಆರ್ ಕೆಲಸ ಕೆಡಿಸುವ ಥಾಪ್ಸಿಗಾರ್ಗಿನ್ ಎಂಬ ರಾಸಾಯನಿಕ ಹಾಕಿದರೆ ಕೆಲವೇ ಗಂಟೆಗಳಲ್ಲಿ ಎಲ್ಲ ಗುರುತುಗಳೂ ಏರುತ್ತವೆ. ಪ್ರಯೋಗ ಸರಿಯಾಗಿ ನಡೆಯುತ್ತಿದೆಯಾ ಎಂದು ನೋಡಲು ಅದು ಒಳ್ಳೆಯದು. ಆದರೆ ಒಲೆ ಮುಂದೆ ಕೂತವರ ಶ್ವಾಸಕೋಶಕ್ಕೆ ಅಂಥ ಒಂದೇ ದೊಡ್ಡ ಏಟು ಬೀಳುವುದಿಲ್ಲ. ದಿನಾ ಸ್ವಲ್ಪ, ವರ್ಷಗಟ್ಟಲೆ. ಹಾಗಾಗಿ ನಾನು ಕಡಿಮೆ ಹೊಗೆಯನ್ನು ಪದೇ ಪದೇ ಕೊಡುವ ದಾರಿ ಹಿಡಿದೆ.

ಅದಕ್ಕೆ ಗಾಳಿಗೆ ತೆರೆದುಕೊಂಡ ಕೋಶಗಳೇ ಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದಿಂದ, ರೋಗಿಯ ಒಪ್ಪಿಗೆ ಪಡೆದು, ಶ್ವಾಸನಾಳದ ಕೋಶಗಳನ್ನು ಬಿಡಿಸಿಕೊಳ್ಳುತ್ತೇವೆ. ಸಣ್ಣ ರಂಧ್ರಗಳಿರುವ ಪೊರೆಯ ಮೇಲೆ ಬೆಳೆಸುತ್ತೇವೆ. ಕೆಳಗೆ ಮೀಡಿಯಂ, ಅಂದರೆ ಕೋಶಗಳಿಗೆ ಆಹಾರ ಕೊಡುವ ದ್ರವ, ಮೇಲೆ ಗಾಳಿ. ಸುಮಾರು ನಾಲ್ಕು ವಾರ ಕಾದರೆ ಲೋಳೆ ಬರುತ್ತದೆ, ಲೋಳೆಯನ್ನು ತಳ್ಳುವ ಸಣ್ಣ ಕೂದಲಿನಂಥ ಸಿಲಿಯಾ ಬಡಿಯಲು ಶುರುವಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಆ ಲೋಳೆ ತಾನೇ ಸುತ್ತುವುದನ್ನು ನೋಡುವುದು ನನಗೆ ಇವತ್ತಿಗೂ ಖುಷಿ.

ಇಲ್ಲಿ ಬೆಂಗಳೂರಿನದೇ ಒಂದು ವಿಷಯ ಹೇಳಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಸುಮಾರು ಶೇ. 10ರಷ್ಟು ಕಡಿಮೆ. ಇನ್‌ಕ್ಯುಬೇಟರಿನಲ್ಲಿ ಕಾರ್ಬನ್ ಡೈಆಕ್ಸೈಡನ್ನು ಎಲ್ಲರಂತೆ ಶೇ. 5ಕ್ಕೆ ಇಟ್ಟರೆ ಅದು ಕಡಿಮೆ ಕರಗಿ, ಮೀಡಿಯಂ ಸ್ವಲ್ಪ ಕ್ಷಾರದ ಕಡೆ, ಗುಲಾಬಿ ಬಣ್ಣಕ್ಕೆ, ವಾಲುತ್ತದೆ. ನಾನು ಶೇ. 5.5ರ ಹತ್ತಿರ ಇಡುತ್ತೇನೆ. ಸ್ಟ್ರೆಸ್ ಅಳೆಯಲು ಹೊರಟವರು ನಾವಾಗಿಯೇ ಬೇರೆ ಸ್ಟ್ರೆಸ್ ಸೇರಿಸಬಾರದು ಅಲ್ವಾ?

ಹೊಗೆಯಲ್ಲೂ ಅಷ್ಟೇ ಎಚ್ಚರ ಬೇಕು. ಒಣಗಿಸಿ ತೂಗಿದ ನೀಲಗಿರಿ ಸೌದೆಯನ್ನೇ ಬಳಸುತ್ತೇನೆ. ಹಸಿ ಸೌದೆ ಸೇರಿದರೆ ಹೊಗೆಯೇ ಬೇರೆ ಆಗುತ್ತದೆ. ಹೊಗೆಯನ್ನು ಮೀಡಿಯಂ ಮೂಲಕ ಹಾಯಿಸಿ, 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, 320 ನ್ಯಾನೋಮೀಟರಿನಲ್ಲಿ ಎಷ್ಟು ಬೆಳಕು ಹೀರುತ್ತದೆ ಎಂದು ನೋಡಿ, ಪ್ರತಿ ಸಲವೂ ಒಂದೇ ಮಟ್ಟಕ್ಕೆ ತರುತ್ತೇನೆ. ಎತ್ತಿಡುವುದಿಲ್ಲ, ಆಗಿಂದಾಗಲೇ ಬಳಸುತ್ತೇನೆ.

ಐಆರ್‌ಇ1 ದಾರಿಯ ಗುರುತಾಗಿ ನಾನು ಮೊದಲು ನೋಡುವುದು ಎಕ್ಸ್‌ಬಿಪಿ1. ಐಆರ್‌ಇ1 ಎಚ್ಚೆತ್ತರೆ ಎಕ್ಸ್‌ಬಿಪಿ1 ಆರ್‌ಎನ್‌ಎಯಿಂದ 26 ಅಕ್ಷರಗಳ ತುಂಡು ಕತ್ತರಿಸಿ ಹೋಗುತ್ತದೆ. ವ್ಯತ್ಯಾಸ ಅಷ್ಟು ಸಣ್ಣದಾದ್ದರಿಂದ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಗಟ್ಟಿಯಾಗಿರಬೇಕು, ನಿಧಾನವಾಗಿ ಓಡಿಸಬೇಕು. ನನ್ನ ಕೋಶಗಳಲ್ಲಿ ಈ ಗುರುತು ಮೊದಲು ಏರಿ, ಹೊಗೆ ಮುಂದುವರಿದ ಹಾಗೆ ಇಳಿಯಿತು. ಆದರೆ ಪರ್ಕ್ ದಾರಿಯ ಕೊನೆಗೆ ಬರುವ, ಕೋಶವನ್ನು ಸಾವಿನ ಕಡೆಗೆ ತಳ್ಳುವ ಚಾಪ್ ಎಂಬ ಪ್ರೋಟೀನು ಇಳಿಯಲಿಲ್ಲ. ಕೋಶವನ್ನು ಕಾಯುವ ದಾರಿ ಸುಮ್ಮನಾಗಿ, ಸಾವಿನ ಕಡೆಗಿನ ದಾರಿ ಉಳಿದುಕೊಂಡಿತ್ತು. ಒಂದೇ ಹೊತ್ತಿನಲ್ಲಿ ಅಳೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಈ ವಿಷಯಕ್ಕೆ ಹೊಸದಾಗಿ ಬರುವವರಿಗೆ ನಾನು ಒತ್ತಿ ಹೇಳುವುದು ಇಷ್ಟೇ: ಪ್ರಮಾಣ ಕಡಿಮೆ ಮಾಡಿ, ಹೆಚ್ಚು ದಿನ ನೋಡಿ, ಮೂರೂ ದಾರಿಗಳನ್ನು ಬೇರೆ ಬೇರೆಯಾಗಿ ಅಳೆಯಿರಿ.

ಈಗಿನ ಪ್ರಶ್ನೆ, ಹೊಗೆ ನಿಂತ ಮೇಲೆ ಕೋಶ ಚೇತರಿಸಿಕೊಳ್ಳುತ್ತದಾ ಎಂಬುದು. 2016ರಲ್ಲಿ ಉಜ್ವಲಾ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅಡುಗೆ ಗ್ಯಾಸಿಗೆ ಬಂತು. ಆದರೂ ಸ್ನಾನದ ನೀರಿಗೆ ಬಚ್ಚಲೊಲೆ ಹಲವು ಕಡೆ ಉರಿಯುತ್ತಲೇ ಇದೆ. ಅದನ್ನು ಅಂಗಾಂಶ ಕೊಡುವವರ ಹತ್ತಿರ ಈಗ ಬೇರೆಯಾಗಿಯೇ ಕೇಳುತ್ತೇವೆ. ಲ್ಯಾಬಿನಲ್ಲೂ ಎರಡು ಗುಂಪು ಮಾಡಿದ್ದೇನೆ: ಒಂದಕ್ಕೆ ಹೊಗೆ ಪೂರ್ತಿ ಬಂದ್, ಇನ್ನೊಂದಕ್ಕೆ ಬಚ್ಚಲೊಲೆಯ ಲೆಕ್ಕದಲ್ಲಿ ದಿನಕ್ಕೊಮ್ಮೆ ಸ್ವಲ್ಪ.