ದೊಡ್ಡ ಟೈರ್ ಮೊದಲೋ, ಲಿಫ್ಟ್ ಮೊದಲೋ?

ಹಳೇ ಜೀಪು ತಗೊಂಡ ವರ್ಷವೇ ನಾನೊಂದು ಪೆದ್ದು ಕೆಲಸ ಮಾಡಿದೆ. ನಮ್ಮ ತೋಟದ ಏರಿನಲ್ಲಿ ಎರಡು ಚಕ್ರದ ಜಾಡುಗಳ ನಡುವೆ ಒಂದು ಕಲ್ಲು ತಲೆ ಎತ್ತಿಕೊಂಡಿದೆ. ಮಳೆಗಾಲದಲ್ಲಿ ಜಾಡು ಆಳವಾದಷ್ಟೂ ಆ ಕಲ್ಲು ಜೀಪಿನ ಹೊಟ್ಟೆಗೆ ಹತ್ತಿರ ಬರುತ್ತದೆ. ‘ಎರಡು ಇಂಚು ಎತ್ತಿಸಿಬಿಡಿ ಸಾರ್, ಮತ್ತೆ ತಾಗಲ್ಲ’ ಎಂದರು ಗ್ಯಾರೇಜಿನವರು. ಎತ್ತಿಸಿದೆ. ನೋಡೋಕೆ ಗಾಡಿ ಜೋರಾಗಿ ಕಾಣುತ್ತಿತ್ತು. ಜೂನ್ ತಿಂಗಳ ಮೊದಲ ಮಳೆಗೆ ಅದೇ ಕಲ್ಲಿನ ಮೇಲೆ ಕೂತುಬಿಟ್ಟಿತು. ಬಾಡಿ ಮೇಲೆ ಹೋಗಿತ್ತು, ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ಹೌಸಿಂಗ್ ಮಾತ್ರ ಇದ್ದಲ್ಲೇ ಇತ್ತು!

ಕಾರಣ ಸುಲಭ. ಲಿಫ್ಟ್ ಅಂದರೆ ಆಕ್ಸಲ್ಲಿಗೂ ಚಾಸಿಗೂ ನಡುವಿನ ಅಂತರ ಹೆಚ್ಚಿಸುವುದು. ಆಕ್ಸಲ್ ನಿಂತಿರುವುದು ಟೈರಿನ ಮೇಲೆ. ಟೈರ್ ದೊಡ್ಡದಾಗದೆ ಆಕ್ಸಲ್ ಮೇಲೇಳುವುದಿಲ್ಲ. ಹಾಗಾಗಿ ಮೊದಲು ಟೈರ್ ಆರಿಸಬೇಕು. ಆ ಟೈರ್ ಉಜ್ಜದೆ ತಿರುಗೋಕೆ ಎಷ್ಟು ಜಾಗ ಬೇಕೋ ಅಷ್ಟಕ್ಕೆ ಮಾತ್ರ ಲಿಫ್ಟ್. ನಾನು ಮಾಡಿದ್ದು ಉಲ್ಟಾ.

1. ಎಲ್ಲಿ ತಾಗುತ್ತಿದೆ ನೋಡಿ

ಗಾಡಿಯ ಕೆಳಗೆ ಮಲಗಿ ಗೀರು ಬಿದ್ದ ಜಾಗ ಹುಡುಕಿ. ಗೀರು ಮುಂದಿನ ಬಂಪರಿನಲ್ಲೋ, ಚಾಸಿಯಲ್ಲೋ, ಎರಡು ಚಕ್ರಗಳ ನಡುವಿನ ಹೊಟ್ಟೆಯಲ್ಲೋ ಇದ್ದರೆ ಲಿಫ್ಟ್ ಉಪಯೋಗಕ್ಕೆ ಬರುತ್ತದೆ. ಆಕ್ಸಲ್ಲಿನ ನಡುವಿನ ಗುಂಡಗಿನ ಡಿಫರೆನ್ಷಿಯಲ್ ಮೇಲಿದ್ದರೆ ಟೈರ್ ಒಂದೇ ದಾರಿ. ಈಗಿನ ಮಹೀಂದ್ರಾ ಥಾರ್‌ನಲ್ಲಿ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಎಡ ಬಲ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುತ್ತವೆ. ಹಿಂದೆ ಎರಡನ್ನೂ ಒಟ್ಟಿಗೆ ಹಿಡಿದ ಗಟ್ಟಿ ಆಕ್ಸಲ್. ಅದನ್ನು ಎತ್ತಿದರೆ ಮುಂದಿನ ಡಿಫರೆನ್ಷಿಯಲ್ ಚಾಸಿಯ ಜೊತೆ ಮೇಲೆ ಹೋಗುತ್ತದೆ, ಹಿಂದಿನದು ಹೋಗುವುದಿಲ್ಲ. ಮಾರುತಿ ಜಿಮ್ನಿಯಲ್ಲಿ ಎರಡೂ ಕಡೆ ಗಟ್ಟಿ ಆಕ್ಸಲ್, ಎರಡೂ ಏಳುವುದಿಲ್ಲ.

ಗೀರೇ ಇಲ್ಲವಾ? ಹಾಗಾದರೆ ಒಳ್ಳೆಯ ಟೈರ್ ಹಾಕಿಸಿ, ಉಳಿದ ದುಡ್ಡು ಡೀಸೆಲ್ಲಿಗೆ ಇಟ್ಟುಕೊಳ್ಳಿ.

2. ಟೈರ್ ಮೇಲಿನ ಲೆಕ್ಕ ಓದಿ

ಟೈರಿನ ಪಕ್ಕದಲ್ಲಿ 195/80 ಆರ್15 ಅಂತ ಇರುತ್ತದೆ. ಇದು ಜಿಮ್ನಿಯ ಅಳತೆ. 195 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 80 ಅಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ 80ರಷ್ಟು ಎಂದು. 15 ರಿಮ್ಮಿನ ಇಂಚು. ಲೆಕ್ಕ ಹಾಕಿ: 195ರ ಶೇ 80 ಅಂದರೆ 156. ಮೇಲೊಂದು ಕೆಳಗೊಂದು ಗೋಡೆ, 312. ರಿಮ್ 15 ಇಂಚು, 25.4ರಿಂದ ಗುಣಿಸಿದರೆ 381. ಒಟ್ಟು ಎತ್ತರ 693 ಮಿ.ಮೀ.

ಈಗ 215/75 ಆರ್15 ಹಾಕಿದರೆ ಏನಾಗುತ್ತದೆ? ಇದೇ ಲೆಕ್ಕದಲ್ಲಿ 703.5 ಬರುತ್ತದೆ. ಆಕ್ಸಲ್ ಇರುವುದು ಚಕ್ರದ ನಡುವೆ, ಅದಕ್ಕೆ ಅರ್ಧ ಮಾತ್ರ ಸಿಗುತ್ತದೆ. ಅಂದರೆ ಬರೀ 5 ಮಿ.ಮೀ. 235/75 ಆರ್15 ಹಾಕಿದರೆ 733.5, ಆಕ್ಸಲ್ ಸುಮಾರು 20 ಮಿ.ಮೀ. ಮೇಲೇಳುತ್ತದೆ. ಇಪ್ಪತ್ತು ಮಿ.ಮೀ. ಏನು ಮಹಾ ಅನ್ನಿಸಬಹುದು. ಆ ಕಲ್ಲಿನ ಮೇಲೆ ಕೂತವರನ್ನು ಕೇಳಿ!

ಅಂಗಡಿಗೆ ಹೋಗುವ ಮೊದಲು ಈ ಲೆಕ್ಕ ಮನೆಯಲ್ಲೇ ಮಾಡಿಕೊಳ್ಳಿ. ಕಂಪನಿ ಕೊಟ್ಟ ಎತ್ತರಕ್ಕಿಂತ ಶೇ 3ರ ಒಳಗೆ ಇದ್ದರೆ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ, ಲಿಫ್ಟೂ ಬೇಕಾಗುವುದಿಲ್ಲ ಎನ್ನುವುದು ಒಂದು ಅಂದಾಜು. 215/75 ಇದರೊಳಗೆ ಬರುತ್ತದೆ. 235/75 ಸುಮಾರು ಶೇ 6 ಹೆಚ್ಚಾಗುತ್ತದೆ. ಆಗ ಸ್ಪೀಡೋಮೀಟರ್ ಕೂಡ ಅಷ್ಟೇ ಕಡಿಮೆ ತೋರಿಸುತ್ತದೆ. ಗೇರುಗಳು ಉದ್ದವಾದ ಹಾಗೆ ಆಗುತ್ತವೆ. ಮೊದಲು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಒಂದನೇ ಗೇರು ಬೇಕಾಗುತ್ತದೆ. ಒದ್ದಾಡಿಸಿದರೆ ಕ್ಲಚ್ ವಾಸನೆ ಬರುತ್ತದೆ. ಎಂಜಿನ್ ಸಣ್ಣದಾದಷ್ಟೂ ಇದು ಜಾಸ್ತಿ ಗೊತ್ತಾಗುತ್ತದೆ.

ಇಲ್ಲೊಂದು ತಮಾಷೆ ಇದೆ. 2020ರಲ್ಲಿ ಬಂದ ಥಾರ್‌ನಲ್ಲಿ ಕಡಿಮೆ ಬೆಲೆಯ ಮಾದರಿಗೆ 245/75 ಆರ್16, ಮೇಲಿನದಕ್ಕೆ 255/65 ಆರ್18 ಕೊಟ್ಟರು. ಎಲ್ಲರಿಗೂ ದೊಡ್ಡ ಅಲಾಯ್ ಮೇಲೇ ಕಣ್ಣು. ಪಕ್ಕದ ಗೋಡೆ ಲೆಕ್ಕ ಹಾಕಿ ನೋಡಿ. 16ರದ್ದಕ್ಕೆ 184 ಮಿ.ಮೀ., 18ರದ್ದಕ್ಕೆ 166. ಕಲ್ಲಿನ ದಾರಿಯಲ್ಲಿ ಗಾಳಿ ಇಳಿಸಿದಾಗ ಬಗ್ಗಿ ರಿಮ್ ಕಾಪಾಡುವುದು ಆ ಗೋಡೆಯೇ. ಕೆಸರಿಗೆ ಕಲ್ಲಿಗೆ ಗಾಡಿ ಇಳಿಸುವವರಿಗೆ ಕಡಿಮೆ ಬೆಲೆಯದ್ದೇ ಒಳ್ಳೆಯ ಚಕ್ರ.

3. ಎಂಥ ಬಟನ್?

ಟೈರಿನ ಮೈಮೇಲಿನ ಗಟ್ಟಿ ಉಬ್ಬುಗಳಿಗೆ ಬಟನ್ ಅನ್ನುತ್ತಾರಲ್ಲ, ಅದು ಮೂರು ಬಗೆ. ಎಚ್‌ಟಿ ಡಾಂಬರಿಗೆ. ಎಂಟಿ ಕೆಸರಿಗೆ. ಎಟಿ ಎರಡಕ್ಕೂ. ಹುಡುಗರಿಗೆ ಎಂಟಿ ಮೇಲೆ ಆಸೆ. ಆದರೆ ಎಂಟಿಯಲ್ಲಿ ಬಟನ್‌ಗಳ ನಡುವೆ ಸಂದು ಜಾಸ್ತಿ, ರಸ್ತೆಗೆ ತಾಗುವ ರಬ್ಬರ್ ಕಡಿಮೆ. ಚಾರ್ಮಾಡಿಯ ಒದ್ದೆ ಡಾಂಬರಿನಲ್ಲಿ ಬ್ರೇಕ್ ಒತ್ತಿದಾಗ ಅದು ಗೊತ್ತಾಗುತ್ತದೆ. ಹೈವೇಯಲ್ಲಿ ಹುಂಯ್ ಅಂತ ಸದ್ದು ಬೇರೆ. ವಾರದಲ್ಲಿ ಆರು ದಿನ ಡಾಂಬರು, ಒಂದು ದಿನ ತೋಟ ಅನ್ನುವವರಿಗೆ ಎಟಿ ಸಾಕು. ನಾನು ಈಗ ಹಾಕಿರುವುದೂ ಅದೇ.

ಅಗಲದ ವಿಷಯ ಸ್ವಲ್ಪ ಯೋಚಿಸಬೇಕಾದ್ದು. ದೊಡ್ಡ ಟೈರ್ ಅಂದ ಕೂಡಲೇ ನಮಗೆ ಅಗಲದ ಟೈರ್ ಕಣ್ಣಿಗೆ ಬರುತ್ತದೆ. ಹಳೇ ಮಹೀಂದ್ರಾ ಜೀಪುಗಳಿಗೆ ಬರುತ್ತಿದ್ದುದು 6.00-16 ಅಳತೆಯ ಸಪೂರ ಟೈರ್. ಮಲೆನಾಡಿನಲ್ಲಿ ಅದಕ್ಕೇ ಚೈನು ಕಟ್ಟಿಕೊಂಡು ಮಳೆಗಾಲ ಪೂರ್ತಿ ಓಡಿಸಿದವರಿದ್ದಾರೆ. ನಮ್ಮ ಕಡೆಯ ಕೆಸರಿಗೆ ಕೆಳಗೆ ಗಟ್ಟಿ ತಳ ಇರುತ್ತದೆ. ಸಪೂರ ಟೈರ್ ಮೇಲಿನ ಲೊಳಲೊಳ ಮಣ್ಣನ್ನು ಸೀಳಿಕೊಂಡು ಆ ತಳ ಹಿಡಿಯುತ್ತದೆ. ಅಗಲದ್ದು ಮೇಲೇ ತೇಲಿ ಜಾರುತ್ತದೆ. ಮರಳಿನಲ್ಲಿ ಇದು ಉಲ್ಟಾ, ಅಲ್ಲಿ ತೇಲಬೇಕು. ಹಾಗಾಗಿ ಮಣ್ಣಿನ ದಾರಿಗೆ ಎತ್ತರ ಹೆಚ್ಚಿಸಿ, ಅಗಲ ಹಿಡಿತದಲ್ಲಿಡಿ.

ಕೊಳ್ಳುವಾಗ ಇನ್ನೆರಡು ನೋಡಿ. ಲೋಡ್ ಇಂಡೆಕ್ಸ್ ಕಂಪನಿ ಟೈರಿಗಿಂತ ಕಡಿಮೆ ಇರಬಾರದು. ಆ ನಂಬರ್ 100 ಇದ್ದರೆ ಒಂದು ಟೈರ್ 800 ಕೆ.ಜಿ. ಹೊರುತ್ತದೆ ಎಂದರ್ಥ. ಇನ್ನೊಂದು ತಯಾರಿಯ ತಾರೀಕು. 2324 ಅಂತ ನಾಲ್ಕು ಅಂಕಿ ಇದ್ದರೆ 2024ರ 23ನೇ ವಾರದ್ದು. ಹಳೇ ಸ್ಟಾಕ್ ಡಿಸ್ಕೌಂಟಿನಲ್ಲಿ ಕೊಟ್ಟರೆ ಬೇಡ ಅನ್ನಿ.

ಮತ್ತೆ, ಐದು ಟೈರೂ ಒಂದೇ ಅಳತೆ ಇರಲಿ. ಸ್ಟೆಪ್ನಿ ಸಣ್ಣದೇ ಉಳಿಸಿಕೊಂಡು, ಪಂಕ್ಚರ್ ಆದಾಗ ಅದನ್ನು ಹಾಕಿ ಫೋರ್ ವೀಲ್ ಹಾಕಿದರೆ ಗೇರ್‌ಬಾಕ್ಸ್ ಒಳಗೆ ತಿಕ್ಕಾಟ ಶುರುವಾಗುತ್ತದೆ. ಹಿಂದಿನ ಬಾಗಿಲಿಗೆ ಸ್ಟೆಪ್ನಿ ನೇತುಹಾಕುವ ಗಾಡಿಯಾದರೆ ಅದರ ತೂಕ ಬಾಗಿಲಿನ ಕೀಲಿನ ಮೇಲೆ ಬೀಳುತ್ತದೆ, ಅದನ್ನೂ ನೆನಪಿಡಿ.

4. ಉಜ್ಜುತ್ತದಾ ಅಂತ ಪರೀಕ್ಷೆ

ಒಂದು ಟೈರನ್ನು ಮುಂದೆ ಹಾಕಿಸಿ ನೋಡದೆ ಐದಕ್ಕೂ ದುಡ್ಡು ಕೊಡಬೇಡಿ. ಆ ಚಕ್ರವನ್ನು ನಿಧಾನಕ್ಕೆ ಒಂದು ದಿಣ್ಣೆಯ ಮೇಲೆ ಹತ್ತಿಸಿ, ಸ್ಪ್ರಿಂಗ್ ಪೂರ್ತಿ ಅದುಮಲಿ. ಸ್ಟೇರಿಂಗನ್ನು ಎಡಕ್ಕೆ ಕಡೆತನಕ, ಬಲಕ್ಕೆ ಕಡೆತನಕ ತಿರುಗಿಸಿ. ಜೊತೆಗಿದ್ದವರು ಮಡ್‌ಗಾರ್ಡ್ ಒಳಗೆ, ಬಂಪರಿನ ಮೂಲೆಗೆ, ಚಾಸಿಗೆ ಎಲ್ಲಿ ತಾಗುತ್ತದೆ ನೋಡಲಿ. ಬರೀ ಪ್ಲಾಸ್ಟಿಕ್ ತಾಗಿದರೆ ಸ್ವಲ್ಪ ಕತ್ತರಿಸಿದರೆ ಮುಗಿಯಿತು. ಕಬ್ಬಿಣ ತಾಗಿದರೆ ಮಾತ್ರ ಲಿಫ್ಟ್ ಮಾತು.

5. ಬೇಕೇಬೇಕಾದರೆ ಎಷ್ಟು ಲಿಫ್ಟ್?

ಎರಡು ಇಂಚು, ಅಂದರೆ 50 ಮಿ.ಮೀ. ಒಳಗೆ ನಿಲ್ಲಿಸಿ. ಅದರಾಚೆ ಹೋದರೆ ಒಂದು ಸರಿಮಾಡಲು ಹೋಗಿ ಇನ್ನೊಂದು ಕೆಡುತ್ತಾ ಹೋಗುತ್ತದೆ.

ಸ್ಪ್ರಿಂಗಿನ ಮೇಲೆ ಸ್ಪೇಸರ್ ಅನ್ನುವ ದಪ್ಪ ಬಿಲ್ಲೆ ಇಡುವುದು ಅಗ್ಗದ ದಾರಿ. ಗಾಡಿ ಏಳುತ್ತದೆ, ಆದರೆ ಶಾಕ್ ಅಬ್ಸಾರ್ಬರ್ ಹಳೇದೇ. ಚಕ್ರ ಹಳ್ಳಕ್ಕೆ ಇಳಿದಾಗ ಅದು ಪೂರ್ತಿ ಎಳೆದುಕೊಂಡು ಟಕ್ ಅನ್ನುತ್ತದೆ. ಸ್ಪ್ರಿಂಗ್ ಮತ್ತು ಶಾಕ್ ಎರಡೂ ಜೋಡಿಯಾಗಿ ಬರುವ ಕಿಟ್ ದುಬಾರಿ, ಆದರೆ ಸರಿಯಾದ್ದು. ಪ್ಲೇಟ್ ಸ್ಪ್ರಿಂಗಿನ ಹಳೇ ಜೀಪಿಗೆ ಉದ್ದದ ಶ್ಯಾಕಲ್, ಅಂದರೆ ಪ್ಲೇಟಿನ ಒಂದು ತುದಿಯನ್ನು ಚಾಸಿಗೆ ಸಿಕ್ಕಿಸುವ ಪಟ್ಟಿ, ಹಾಕುತ್ತಾರೆ. ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದೇ ಇಂಚು. ನನಗೆ ಇದು ಬಿಲ್ ಕೊಟ್ಟ ಮೇಲೆ ಗೊತ್ತಾಯಿತು.

ಎತ್ತಿದ ಮೇಲೆ ಇವು ಬದಲಾಗುತ್ತವೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದಲ್ಲ, ಅದು ನೇರ ಹೋಗಲು ಅದೂ ಒಂದು ಕಾರಣ. ಗಾಡಿಯ ಮುಂದಿನ ಚಕ್ರಕ್ಕೂ ಅಂಥದ್ದೇ ಓರೆ ಇದೆ, ಅದಕ್ಕೆ ಕ್ಯಾಸ್ಟರ್ ಅನ್ನುತ್ತಾರೆ. ಗಟ್ಟಿ ಆಕ್ಸಲ್ ಇರುವ ಗಾಡಿ ಎತ್ತಿದಾಗ ಈ ಓರೆ ಕಡಿಮೆಯಾಗಿ ಹೈವೇಯಲ್ಲಿ ಸ್ಟೇರಿಂಗ್ ಅಲೆದಾಡುತ್ತದೆ. ಆಕ್ಸಲ್ಲನ್ನು ನಡುವೆ ಹಿಡಿದಿಡುವ ಪ್ಯಾನಾರ್ಡ್ ರಾಡ್ ಇದ್ದರೆ ಆಕ್ಸಲ್ ಸ್ವಲ್ಪ ಒಂದು ಪಕ್ಕಕ್ಕೆ ಸರಿಯುತ್ತದೆ, ಅದಕ್ಕೆ ಅಡ್ಜಸ್ಟ್ ಆಗುವ ರಾಡ್ ಬೇಕು. ಬ್ರೇಕ್ ಹೋಸ್ ಬಿಗಿಯಾಗುತ್ತದೆ. ಚಕ್ರ ಪೂರ್ತಿ ಕೆಳಗೆ ಇಳಿಬಿಟ್ಟು ಹೋಸ್ ಎಳೆದುಕೊಂಡಿದೆಯಾ ಎಂದು ನೀವೇ ಕಣ್ಣಾರೆ ನೋಡಿ, ಮೆಕ್ಯಾನಿಕ್ ಮಾತು ನಂಬಬೇಡಿ. ಮುಂದೆ ಇಂಡಿಪೆಂಡೆಂಟ್ ಇರುವ ಗಾಡಿಯಲ್ಲಿ ಡ್ರೈವ್ ಶಾಫ್ಟಿನ ಕೋನ ಜಾಸ್ತಿಯಾಗಿ ಅದರ ರಬ್ಬರ್ ಬೂಟ್ ಬೇಗ ಹರಿಯುತ್ತದೆ. ಗಾಡಿಯ ತೂಕ ಮೇಲೆ ಹೋಗಿರುವುದರಿಂದ ಘಾಟಿ ತಿರುವಿನಲ್ಲಿ, ಅಡ್ಡ ಇಳಿಜಾರಿನಲ್ಲಿ ಮೊದಲಿಗಿಂತ ಬೇಗ ವಾಲುತ್ತದೆ.

6. ಕಾನೂನು

ಇದನ್ನು ಯಾರೂ ಅಂಗಡಿಯಲ್ಲಿ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ಸೇರಿಸಿದ 182ಎ ಸೆಕ್ಷನ್‌ನಲ್ಲಿ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ಇನ್ಶೂರೆನ್ಸ್‌ನವರಿಗೂ ತಕರಾರು ತೆಗೆಯಲು ಇದು ಸಾಕು. ನಿಮ್ಮದೇ ಗಾಡಿಯ ಬೇರೆ ಮಾದರಿಗೆ ಕಂಪನಿ ಕೊಡುವ ಟೈರ್ ಅಳತೆಯ ಹತ್ತಿರ ಇರುವುದು ಕ್ಷೇಮ. ಲಿಫ್ಟ್ ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್‌ನವರಲ್ಲೂ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.

7. ಹಾಕಿಸಿದ ಮೇಲೆ

ಗಾಳಿಯಿಂದ ಶುರು ಮಾಡಿ. ಡಾಂಬರಿನಲ್ಲಿ ಬಾಗಿಲಿನ ಸ್ಟಿಕ್ಕರಿನಲ್ಲಿ ಬರೆದಷ್ಟನ್ನೇ ಆಧಾರವಾಗಿಟ್ಟುಕೊಳ್ಳಿ. ಕೆಸರಿಗೆ ಇಳಿಯುವ ಮೊದಲು 18ರಿಂದ 20 ಪಿಎಸ್‌ಐಗೆ ಇಳಿಸಿ, ಟೈರ್ ಉದ್ದಕ್ಕೆ ಹರಡಿಕೊಂಡು ಹಿಡಿತ ಜಾಸ್ತಿ ಆಗುತ್ತದೆ. ನಿಜ ಹೇಳಬೇಕೆಂದರೆ ಹೊಸ ಟೈರಿಗಿಂತ ಇದೇ ಎಷ್ಟೋ ಸಲ ಗಾಡಿಯನ್ನು ಮೇಲೆ ಹತ್ತಿಸುತ್ತದೆ. ಅದಕ್ಕೆ ಖರ್ಚೂ ಇಲ್ಲ. 15ಕ್ಕಿಂತ ಕೆಳಗೆ ಹೋದರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳುವ ಭಯ ಇದೆ. ವಾಪಸ್ ರಸ್ತೆಗೆ ಬಂದ ಮೇಲೆ ತುಂಬಿಸಲು ಸಣ್ಣ ಪಂಪ್ ಗಾಡಿಯಲ್ಲೇ ಇರಲಿ, ಇಳಿಸಿದ ಗಾಳಿಯಲ್ಲಿ ಜೋರಾಗಿ ಓಡಿಸಿದರೆ ಟೈರ್ ಕಾದು ಹಾಳಾಗುತ್ತದೆ.

ವೀಲ್ ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್, ಯು-ಬೋಲ್ಟ್ ಎಲ್ಲ ಮತ್ತೆ ಬಿಗಿ ಮಾಡಿಸಿ, ಐನೂರಕ್ಕೆ ಇನ್ನೊಮ್ಮೆ. ಆಮೇಲೆ ರಾತ್ರಿ ಗೋಡೆಗೆ ಬೆಳಕು ಬಿಟ್ಟು ಹೆಡ್‌ಲೈಟ್ ಇಳಿಸಿಕೊಳ್ಳಿ. ಗಾಡಿ ಎತ್ತರವಾದಷ್ಟು ಅದೂ ಮೇಲೆ ಹೋಗಿರುತ್ತದೆ. ನಾನು ಅದನ್ನು ಮರೆತು ಒಂದು ತಿಂಗಳು ಓಡಿಸಿದೆ. ಘಾಟಿಯಲ್ಲಿ ಎದುರು ಬಂದ ಲಾರಿಯವರೆಲ್ಲ ಡಿಪ್ ಹೊಡೆದು ಹೋಗುತ್ತಿದ್ದರು, ನನ್ನ ಜೀಪು ನೋಡಿ ಖುಷಿಪಡುತ್ತಿದ್ದಾರೆ ಅಂದುಕೊಂಡಿದ್ದೆ.