ಮೈಸೂರಿನ ಫಿಲೋಮಿನಾ ಚರ್ಚ್ ನೋಡೋಕೆ ಒಂದು ಗಂಟೆ ಇಟ್ಟುಕೊಳ್ಳಿ

ಮೈಸೂರಿಗೆ ಬಂದವರಲ್ಲಿ ತುಂಬಾ ಜನ ಅರಮನೆ ಮುಗಿಸಿ ಅಶೋಕ ರಸ್ತೆಗೆ ಬಂದು, ಚರ್ಚಿನ ಎರಡು ಗೋಪುರ ಸಿಗುವ ಹಾಗೆ ಫೋಟೊ ತೆಗೆದುಕೊಂಡು, ಒಳಗೆ ಒಂದು ಸುತ್ತು ಹಾಕಿ ಬೆಟ್ಟಕ್ಕೆ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಹೊರಗೆ, ಆಮೇಲೆ ಒಳಗೆ, ಕೊನೆಗೆ ನೆಲಮಾಳಿಗೆ, ಈ ಕ್ರಮದಲ್ಲಿ ನೋಡಿ. ಕಾರಣ ಇದೆ: ಇಷ್ಟು ದೊಡ್ಡ ಕಟ್ಟಡ ಎದ್ದಿದ್ದೇ ಕೆಳಗಿರುವ ಒಂದು ಸಣ್ಣ ಪವಿತ್ರ ಅವಶೇಷಕ್ಕೋಸ್ಕರ, ಅಂದರೆ ಸಂತರ ದೇಹದ್ದೋ ಬಟ್ಟೆಯದ್ದೋ ಅಂತ ಭಕ್ತರು ಕಾಪಾಡಿಕೊಂಡು ಬರುವ ಚೂರಿಗೋಸ್ಕರ.

ಹೋಗುವ ಮುಂಚೆ ಸ್ವಲ್ಪ ಇತಿಹಾಸ ತಿಳಿದಿರಲಿ. ಇದೇ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಒಂದು ಚರ್ಚ್ ಕಟ್ಟಿಸಿದ್ದರು. ಆಗಿನ ಶಾಸನ, ಲೋಕವನ್ನೆಲ್ಲ ಸೃಷ್ಟಿಸಿ ಕಾಯುವ ಒಬ್ಬನೇ ದೇವರ ಹೆಸರಿನಲ್ಲಿ, ಯೇಸು ಮನುಷ್ಯನಾಗಿ ಬಂದ 1843 ವರ್ಷಗಳ ನಂತರ ಈ ಚರ್ಚ್ ಕಟ್ಟಿದೆ ಅನ್ನುತ್ತದೆ. ಒಬ್ಬ ಹಿಂದೂ ರಾಜನ ಕಾಲದ ಮಾತು ಅದು, ನನಗಂತೂ ಈ ಚರ್ಚಿನ ಬಗ್ಗೆ ಗೊತ್ತಿರುವುದರಲ್ಲೆಲ್ಲ ಇದೇ ಹೆಚ್ಚು ಇಷ್ಟ. ಆಮೇಲೆ 1926ರಲ್ಲಿ, ಮಹಾರಾಜರ ಹುಜೂರ್ ಸೆಕ್ರೆಟರಿ ಆಗಿದ್ದ ತಂಬೂ ಚೆಟ್ಟಿಯವರು ಸಂತ ಫಿಲೋಮಿನಾ ಅವರ ಅವಶೇಷವನ್ನು ತರಿಸಿಕೊಂಡು ಫಾದರ್ ಕೋಶೆ ಅವರಿಗೆ ಕೊಟ್ಟರು. ಅದಕ್ಕೊಂದು ದೊಡ್ಡ ಆಲಯ ಬೇಕು ಅಂತ ಫಾದರ್ ಅರಮನೆಗೆ ಹೋಗಿ ಕೇಳಿದರು, ಆಗಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿದರು, 1933ರಲ್ಲಿ ತಾವೇ ಅಡಿಗಲ್ಲು ಇಟ್ಟರು.

ಈಗ ಹೊರಗೆ ನಿಂತು ನೋಡಿ. ಗೋಪುರಗಳ ಎತ್ತರ 175 ಅಡಿ. ಹತ್ತಿರ ನಿಂತರೆ ಕತ್ತು ನೋಯುತ್ತದೆ ಅಷ್ಟೇ, ಗೇಟಿನ ಕಡೆಗೆ ಹಿಂದೆ ಸರಿಯಿರಿ. ನಕ್ಷೆ ಬರೆದವರು ಡಾಲಿ ಅನ್ನುವ ಫ್ರೆಂಚ್ ವಾಸ್ತುಶಿಲ್ಪಿ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಜರ್ಮನಿಯ ಕಲೋನ್ ಕೆಥೆಡ್ರಲ್. ಅದರ ಗೋಪುರ ಹೆಚ್ಚುಕಡಿಮೆ ಇದರ ಮೂರರಷ್ಟು ಎತ್ತರ. ಬಾಗಿಲು, ಕಿಟಕಿ, ಕಮಾನು ಎಲ್ಲದರ ತುದಿಯೂ ಚೂಪಾಗಿ ಮೇಲಕ್ಕೆ ಹೋಗುತ್ತದೆ ಅಲ್ವಾ, ಅದೇ ಗೋಥಿಕ್ ಶೈಲಿಯ ಗುರುತು.

ಒಳಗೆ ಹೋದ ತಕ್ಷಣ ಪೀಠದ ಹತ್ತಿರ ಓಡಬೇಡಿ. ಹಿಂದಿನ ಬೆಂಚಿನಲ್ಲಿ ಸುಮ್ನೆ ಐದು ನಿಮಿಷ ಕೂತುಕೊಳ್ಳಿ. ಕಟ್ಟಡದ ಆಕಾರವೇ ಶಿಲುಬೆ. ನೀವು ಕೂತಿರುವುದು ಅದರ ಉದ್ದನೆಯ ಕಾಂಡದಲ್ಲಿ, ಮುಂದೆ ಹೋದ ಹಾಗೆ ಎಡಕ್ಕೂ ಬಲಕ್ಕೂ ಎರಡು ತೋಳು ತೆರೆದುಕೊಳ್ಳುತ್ತವೆ.

ಬಣ್ಣದ ಗಾಜಿನ ಕಿಟಕಿಗಳಿಗೆ ಜಾಸ್ತಿ ಸಮಯ ಕೊಡಿ. ಹೊರಗಿನಿಂದ ನೋಡಿದರೆ ಕಪ್ಪಗೆ, ಮಂಕಾಗಿ ಕಾಣುವ ಗಾಜು ಒಳಗಿನಿಂದ ಬಿಸಿಲಿಗೆ ಕೆಂಪು, ನೀಲಿಯಾಗಿ ಹೊಳೆಯುತ್ತದೆ. ಹಾಗಾಗಿ ಮೋಡ ಇಲ್ಲದ ದಿನ ಹೋಗಿ, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆಯೋ ಆ ಕಡೆಯ ಗಾಜು ಮೊದಲು ನೋಡಿ. ಯೇಸುವಿನ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣ, ಇವನ್ನು ಕಥೆಯ ಕ್ರಮದಲ್ಲೇ ಹುಡುಕಿ. ಕೊನೆಯ ಎರಡನ್ನು ತುಂಬಾ ಜನ ಒಂದೇ ಅಂದುಕೊಳ್ಳುತ್ತಾರೆ. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ತೆರೆದ ಸಮಾಧಿ, ಬೆಚ್ಚಿದ ಕಾವಲುಗಾರರು ಇದ್ದರೆ ಪುನರುತ್ಥಾನ, ಶಿಷ್ಯರೆಲ್ಲ ಕತ್ತೆತ್ತಿ ಮೇಲೆ ನೋಡುತ್ತಿದ್ದರೆ ಸ್ವರ್ಗಾರೋಹಣ.

ಆಮೇಲೆ ಕೆಳಗೆ ಇಳಿಯಿರಿ. ಪೀಠದ ಅಡಿಯಲ್ಲಿರುವ ಇಕ್ಕಟ್ಟಿನ ಜಾಗ ಅದು. ಅಲ್ಲಿ ಮಲಗಿದ ಭಂಗಿಯಲ್ಲಿ ಸಂತ ಫಿಲೋಮಿನಾ ಅವರ ಪ್ರತಿಮೆ ಇದೆ. ಆಕೆಯ ಕಥೆ ಶುರುವಾಗುವುದೂ ನೆಲದಡಿಯಲ್ಲೇ. 1802ರಲ್ಲಿ ರೋಮ್‌ನ ಪ್ರಿಸಿಲ್ಲಾ ಭೂಗತ ಸಮಾಧಿಗಳಲ್ಲಿ ಒಬ್ಬ ಹುಡುಗಿಯ ಮೂಳೆಗಳು ಸಿಕ್ಕವು. ಸಮಾಧಿ ಮುಚ್ಚಿದ್ದ ಮೂರು ಸುಟ್ಟ ಮಣ್ಣಿನ ಬಿಲ್ಲೆಗಳ ಮೇಲೆ ಹೆಸರಿನ ಅಕ್ಷರಗಳ ಜೊತೆ ಲಂಗರು, ಬಾಣಗಳು, ಒಂದು ತಾಳೆ ಗರಿ ಇದ್ದವು. ಅದಕ್ಕೇ ಎಲ್ಲಿ ಫಿಲೋಮಿನಾ ಪ್ರತಿಮೆ ಕಂಡರೂ ಕೈಯ ಹತ್ತಿರ, ಕಾಲಿನ ಹತ್ತಿರ ಈ ಲಂಗರು, ಬಾಣ ಹುಡುಕಿ. ಫ್ರಾನ್ಸ್‌ನಲ್ಲಿ ಈ ಭಕ್ತಿ ಬಲವಾಗಿತ್ತು, ಮೈಸೂರಿನ ಆಗಿನ ಫಾದರ್‌ಗಳಲ್ಲೂ ಅನೇಕರು ಫ್ರಾನ್ಸ್‌ನಿಂದಲೇ ಬಂದವರು. ಬದುಕಿನ ವಿವರಗಳಿಗೆ ಗಟ್ಟಿ ಆಧಾರ ಇಲ್ಲ ಅಂತ 1961ರಲ್ಲಿ ರೋಮ್‌ನ ಕ್ಯಾಥೊಲಿಕ್ ಚರ್ಚ್ ಆಡಳಿತ ಆಕೆಯ ಹಬ್ಬವನ್ನು ಪೂಜಾ ಪಂಚಾಂಗದಿಂದ ತೆಗೆಯಿತು. ಮೈಸೂರಿನ ಜನ ಆಕೆಯನ್ನು ಬಿಡಲಿಲ್ಲ.

ಹೊರಗೆ ಬರುವ ದಾರಿಯ ಗೋಡೆಗಳಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲುಗಳಿವೆ. ಹಿಂದೆ ಜನ ಬರುತ್ತಿರುತ್ತಾರೆ, ಆದರೂ ಒಂದೆರಡನ್ನಾದರೂ ನಿಂತು ಓದಿ. ಮಹಾರಾಜರ ಹೆಸರು ಎಲ್ಲರಿಗೂ ಗೊತ್ತು, ಈ ಹೆಸರುಗಳನ್ನು ಓದುವವರು ಕಮ್ಮಿ.

ಇನ್ನು ಕೆಲವು ಮಾತು. ಭಾನುವಾರ ಬೆಳಿಗ್ಗೆ ಪೂಜೆ ಇರುತ್ತದೆ, ಸುತ್ತಾಡಿ ನೋಡೋಕೆ ವಾರದ ದಿನವೇ ಒಳ್ಳೆಯದು. ಪೂಜೆ ನಡೆಯುತ್ತಿದ್ದರೆ ಹಿಂದೆ ಕೂತು ಮುಗಿಯುವ ತನಕ ಕಾಯಿರಿ. ಒಳಗೆ ಫೋಟೊ ಬೇಡ, ಮೊಬೈಲ್ ಸೈಲೆಂಟ್‌ನಲ್ಲಿರಲಿ. ಮೆಟ್ಟಿಲು ಇಳಿಯಲು ಕಷ್ಟಪಡುವ ಹಿರಿಯರು ಜೊತೆಗಿದ್ದರೆ ಅವರನ್ನು ಕಿಟಕಿಗಳ ಹತ್ತಿರದ ಬೆಂಚಿನಲ್ಲಿ ಕೂರಿಸಿ, ನೀವು ಕೆಳಗೆ ಹೋಗಿ ಬನ್ನಿ.